ಕಫದೊಳಗಿನ ಚಪ್ಪರ: ಸೋಂಕಿನ ಬ್ಯಾಕ್ಟೀರಿಯಾಗಳನ್ನು ಒಟ್ಟಿಗೆ ಹಿಡಿದಿಡುವುದು ಯಾವುದು?

ನಮ್ಮ ದೊಡ್ಡಮ್ಮನಿಗೆ ಈಗ 72 ವರ್ಷ. ಹರೆಯದಲ್ಲಿ ಒಮ್ಮೆ ಕ್ಷಯ ಬಂದು ವಾಸಿಯಾಗಿತ್ತು. ಆಮೇಲೆ ಎಷ್ಟೋ ವರ್ಷ ಆರಾಮಾಗಿದ್ದರು. ಈಚೆಗೆ ಕೆಮ್ಮು ಬಿಡುತ್ತಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹಸಿರು ಬಣ್ಣದ ಗಟ್ಟಿ ಕಫ. ಡಾಕ್ಟರು ಕಫದ ಕಲ್ಚರ್ ಮಾಡಿಸಿದರು. ರಿಪೋರ್ಟಿನಲ್ಲಿ ‘ಸೂಡೋಮೊನಾಸ್’ ಎಂಬ ಬ್ಯಾಕ್ಟೀರಿಯಾದ ಹೆಸರಿತ್ತು. ಅದರ ಕೆಳಗೆ ಆಂಟಿಬಯಾಟಿಕ್‌ಗಳ ಉದ್ದ ಪಟ್ಟಿ. ಹೆಚ್ಚಿನವುಗಳ ಮುಂದೆ ‘ಸೆನ್ಸಿಟಿವ್’ ಅಂತ ಬರೆದಿತ್ತು. ಅಂದರೆ ಆ ಔಷಧಿಗೆ ಈ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂದರ್ಥ.

ದೊಡ್ಡಮ್ಮ ಒಂದು ಡೋಸೂ ತಪ್ಪಿಸದೆ ಎರಡು ವಾರದ ಕೋರ್ಸ್ ಮುಗಿಸಿದರು. ಒಂದು ತಿಂಗಳು ಚೆನ್ನಾಗಿದ್ದರು. ಮತ್ತೆ ಅದೇ ಕೆಮ್ಮು, ಅದೇ ಕಫ. ಇನ್ನೊಂದು ಕಲ್ಚರ್ ಮಾಡಿಸಿದರೆ ಅದೇ ಬ್ಯಾಕ್ಟೀರಿಯಾ, ಅದೇ ‘ಸೆನ್ಸಿಟಿವ್’.

“ಈ ಮದ್ದಿಗೆ ಸಾಯುತ್ತೆ ಅಂತ ತಾನೇ ಬರೆದಿರೋದು? ಮತ್ತೆ ಹೇಗಪ್ಪಾ ಬಂತು?” ಅಂತ ಕೇಳಿದರು.

ನ್ಯಾಯವಾದ ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇರುತ್ತದೆ. ರೋಗಿ ಔಷಧಿ ಸರಿಯಾಗಿ ತಗೊಂಡಿಲ್ಲ ಅಂತ ಮನೆಯವರು ಬೈಯುವುದೂ ಇದೆ. ಆದರೆ ಇಂಥ ಸಂದರ್ಭದಲ್ಲಿ ಹಲವು ಸಲ ತಪ್ಪು ರೋಗಿಯದ್ದಲ್ಲ, ರಿಪೋರ್ಟೂ ಸುಳ್ಳಲ್ಲ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿದ್ದು ಬಿಡಿ ಬಿಡಿಯಾಗಿದ್ದ ಬ್ಯಾಕ್ಟೀರಿಯಾಗಳನ್ನು. ಎದೆಯೊಳಗೆ ಅವು ಹಾಗೆ ಇಲ್ಲ. ಅಲ್ಲಿ ಅವು ಒಂದಕ್ಕೊಂದು ಕಟ್ಟಿಕೊಂಡು, ಲೋಳೆಯೊಳಗೆ ಗುಂಪಾಗಿ ಕೂತಿವೆ. ಈ ಗುಂಪಿಗೆ ‘ಬಯೋಫಿಲ್ಮ್’ ಅಂತ ಹೆಸರು. ಅದನ್ನು ಹಿಡಿದಿಟ್ಟಿರುವುದು ಏನು ಅಂತ ಗೊತ್ತಾದರೆ, ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಸಿಗುತ್ತದೆ.

## ಬಿಡಿಯಾಗಿದ್ದಾಗ ಒಂದು, ಗುಂಪಾದಾಗ ಇನ್ನೊಂದು

ಮನೆಯ ನೀರಿನ ಡ್ರಮ್ಮಿನ ಒಳಗೋಡೆಯನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ. ತಿಂಗಳಿಂದ ತೊಳೆಯದಿದ್ದರೆ ಜಾರುತ್ತದೆ. ಆ ಲೋಳೆ ಬರೀ ಕೊಳೆಯಲ್ಲ. ಲಕ್ಷಾಂತರ ಬ್ಯಾಕ್ಟೀರಿಯಾಗಳು ಸೇರಿ ಕಟ್ಟಿಕೊಂಡ ಮನೆ ಅದು. ಬರೀ ನೀರು ಸುರಿದರೆ ಹೋಗುವುದಿಲ್ಲ, ಉಜ್ಜಲೇಬೇಕು. ಬೆಳಿಗ್ಗೆ ಹಲ್ಲಿನ ಮೇಲೆ ಕೂತಿರುವ ಪಾಚಿಯೂ ಇದೇ ಜಾತಿಯದ್ದು.

ಇದನ್ನು ಮೊದಲು ಗಮನಿಸಿದವನು ಡಚ್ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವೆನ್‌ಹುಕ್. 1680ರ ದಶಕದಲ್ಲಿ ತಾನೇ ಮಾಡಿಕೊಂಡ ಮಸೂರದಿಂದ ತನ್ನ ಹಲ್ಲಿನ ಪಾಚಿಯನ್ನು ನೋಡಿದ. ಅದರಲ್ಲಿ ಸಣ್ಣ ಜೀವಿಗಳು ಓಡಾಡುತ್ತಿದ್ದವು. ಬಾಯಿಗೆ ವಿನೆಗರ್ ಹಾಕಿಕೊಂಡು ಮುಕ್ಕಳಿಸಿದರೆ ಅವೆಲ್ಲ ಸಾಯಲಿಲ್ಲ. ಅದೇ ಪಾಚಿಯನ್ನು ಹೊರತೆಗೆದು ವಿನೆಗರ್‌ನಲ್ಲಿ ಕಲಸಿದರೆ ಸತ್ತವು. ವಿನೆಗರ್ ಪಾಚಿಯ ಒಳಗೆ ಇಳಿದಿಲ್ಲ ಅಂತ ಅವನು ಬರೆದಿಟ್ಟ. ಮುನ್ನೂರು ವರ್ಷಕ್ಕೂ ಹಿಂದೆ, ಆಂಟಿಬಯಾಟಿಕ್ ಎಂಬ ಪದವೇ ಇಲ್ಲದ ಕಾಲದಲ್ಲಿ, ದೊಡ್ಡಮ್ಮನ ಪ್ರಶ್ನೆಯ ಅರ್ಧ ಉತ್ತರ ಅವನ ಕೈಗೆ ಸಿಕ್ಕಿತ್ತು!

ಆದರೆ ಆಮೇಲಿನ ವಿಜ್ಞಾನ ಬೇರೆ ದಾರಿ ಹಿಡಿಯಿತು. ಬ್ಯಾಕ್ಟೀರಿಯಾವನ್ನು ರೋಗಿಯಿಂದ ತೆಗೆದು, ಒಂದನ್ನೇ ಬೇರ್ಪಡಿಸಿ, ಲ್ಯಾಬಿನಲ್ಲಿ ಬೆಳೆಸಿ ನೋಡುವುದು ರೂಢಿಯಾಯಿತು. ಅದರಿಂದ ಎಷ್ಟೋ ಒಳ್ಳೆಯದಾಗಿದೆ. ಆದರೆ ಹಾಗೆ ಬೆಳೆಸಿದ ಬ್ಯಾಕ್ಟೀರಿಯಾ, ಆಹಾರ ಬೆರೆಸಿದ ದ್ರಾವಣದಲ್ಲಿ ಈಜುವ ಬಿಡಿ ಬ್ಯಾಕ್ಟೀರಿಯಾ. 1970ರ ದಶಕದಲ್ಲಿ ಕೋಪನ್‌ಹೇಗನ್‌ನ ನೀಲ್ಸ್ ಹೋಯ್ಬಿ ಎಂಬ ವೈದ್ಯರು ಸಿಸ್ಟಿಕ್ ಫೈಬ್ರೋಸಿಸ್ ಎಂಬ, ಹುಟ್ಟಿನಿಂದಲೇ ಬರುವ ಕಾಯಿಲೆ ಇದ್ದವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸೂಡೋಮೊನಾಸ್‌ಗಳು ಉಂಡೆ ಉಂಡೆಯಾಗಿ ಕಂಡವು. 1978ರಲ್ಲಿ ಕೆನಡಾದ ವಿಲಿಯಂ ಕಾಸ್ಟರ್ಟನ್ ಮತ್ತು ಸಂಗಡಿಗರು, ಪ್ರಕೃತಿಯಲ್ಲಿ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಬದುಕುವುದೇ ಹೀಗೆ ಅಂಟಿಕೊಂಡು, ಗುಂಪಾಗಿ ಅಂತ ಸಾಮಾನ್ಯ ಓದುಗರಿಗಾಗಿ ಬರೆದರು. ಬಯೋಫಿಲ್ಮ್ ಎಂಬ ಮಾತು ವೈದ್ಯರ ಬಾಯಿಗೆ ಬಂದದ್ದು ಆಮೇಲೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ‘ಫಿಲ್ಮ್’ ಅಂದರೆ ಪೊರೆ. ಹಾಗಾಗಿ ಶ್ವಾಸನಾಳದ ಗೋಡೆಗೆ ಒಂದು ಹಾಳೆ ಅಂಟಿಕೊಂಡಿದೆ ಅಂತ ಅನ್ನಿಸುತ್ತದೆ. ಹಳೆಯ ಸೋಂಕು ಇರುವ ಎದೆಯಲ್ಲಿ ಹೆಚ್ಚಾಗಿ ಹಾಗಿರುವುದಿಲ್ಲ. ಮೊದಲ ಮಳೆಗೆ ಹೊಂಡದಲ್ಲಿ ಕಪ್ಪೆ ಮೊಟ್ಟೆ ಇಟ್ಟಿರುತ್ತದಲ್ಲ, ಒಂದು ಲೋಳೆ ಮುದ್ದೆಯೊಳಗೆ ಕಪ್ಪು ಚುಕ್ಕಿಗಳು? ಹಾಗೆ ಕಫದೊಳಗೆ ಬ್ಯಾಕ್ಟೀರಿಯಾಗಳ ಪುಟ್ಟ ಪುಟ್ಟ ಮುದ್ದೆಗಳು ತೇಲಾಡಿಕೊಂಡಿರುತ್ತವೆ. ಅವುಗಳ ಸುತ್ತ ನಮ್ಮ ಬಿಳಿ ರಕ್ತಕಣಗಳು ಮುತ್ತಿಕೊಂಡಿರುತ್ತವೆ. ಆದರೆ ಒಳಗೆ ನುಗ್ಗಲು ಆಗುವುದಿಲ್ಲ.

## ಲೋಳೆಯಲ್ಲಿ ಏನೇನಿದೆ?

ಬಯೋಫಿಲ್ಮಿನ ಲೋಳೆಗೆ ‘ಮ್ಯಾಟ್ರಿಕ್ಸ್’ ಅನ್ನುತ್ತಾರೆ. ಅದರಲ್ಲಿ ಹೆಚ್ಚಿನ ಪಾಲು ನೀರು. ಉಳಿದದ್ದು ಮುಖ್ಯವಾಗಿ ಮೂರು ಸಾಮಾನು: ಸಕ್ಕರೆಯ ಉದ್ದ ಸರಪಳಿಗಳು, ಪ್ರೋಟೀನುಗಳು, ಡಿಎನ್‌ಎ.

ಸಕ್ಕರೆ ಅಂದ ಕೂಡಲೇ ಸಿಹಿ ಅಂದುಕೊಳ್ಳಬೇಡಿ. ಬೆಂಡೆಕಾಯಿ ಹೆಚ್ಚಿದರೆ ಬರುವ ಲೋಳೆಯೂ ಸಕ್ಕರೆಯ ಸರಪಳಿಯೇ. ಸಣ್ಣ ಸಕ್ಕರೆ ಕಣಗಳು ನೂರಾರು ಜೋಡಿಸಿಕೊಂಡಾಗ ಅವು ನೀರನ್ನು ಹಿಡಿದು ಉಬ್ಬಿ ಜಿಗುಟಾಗುತ್ತವೆ. ಸೂಡೋಮೊನಾಸ್ ಇಂಥ ಮೂರು ಬಗೆಯ ಸರಪಳಿ ತಯಾರಿಸಬಲ್ಲದು. ಅವುಗಳಲ್ಲಿ ಒಂದು ಆಲ್ಜಿನೇಟ್. ಈ ಹೆಸರು ದಂತವೈದ್ಯರ ಹತ್ತಿರ ಹೋದವರಿಗೆ ಗೊತ್ತಿರಬಹುದು. ಹಲ್ಲಿನ ಅಚ್ಚು ತೆಗೆಯಲು ಬಾಯಿಗೆ ಇಡುವ ಜಿಗುಟು ಪದಾರ್ಥ ಇದೇ. ಅದನ್ನು ಕಡಲ ಪಾಚಿಯಿಂದ ತೆಗೆಯುತ್ತಾರೆ. ಬ್ಯಾಕ್ಟೀರಿಯಾ ತಯಾರಿಸುವುದೂ ಹೆಚ್ಚುಕಮ್ಮಿ ಅದೇ ವಸ್ತು.

ಶುರುವಿನಲ್ಲಿ ಸೂಡೋಮೊನಾಸ್ ಆಲ್ಜಿನೇಟ್ ಅಷ್ಟಾಗಿ ಮಾಡುವುದಿಲ್ಲ. ಎದೆಯಲ್ಲಿ ತಿಂಗಳು, ವರ್ಷ ಕಳೆದ ಮೇಲೆ ಅದರ ಒಂದು ಜೀನ್ ಕೆಡುತ್ತದೆ. ಆ ಜೀನ್ ಆಲ್ಜಿನೇಟಿಗೆ ಬ್ರೇಕ್ ಇದ್ದ ಹಾಗೆ. ಬ್ರೇಕ್ ಹೋದ ಮೇಲೆ ಲೋಳೆ ಸುರಿಯುತ್ತಲೇ ಇರುತ್ತದೆ. ಲ್ಯಾಬಿನವರು ‘ಮ್ಯೂಕಾಯ್ಡ್’ ಅಂತ ಬರೆದರೆ ಈ ಹಂತ ಬಂದಿದೆ ಎಂದರ್ಥ. ಬೇಸರದ ಸಂಗತಿಯೆಂದರೆ, ಬ್ರೇಕ್ ಕೆಡಲು ಒಂದು ಕಾರಣ ನಮ್ಮದೇ ರಕ್ಷಣಾ ಪಡೆ. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲಲು ಹೈಡ್ರೋಜನ್ ಪೆರಾಕ್ಸೈಡಿನಂಥ ಖಾರದ ರಾಸಾಯನಿಕ ಬಿಡುತ್ತವೆ. ಸಾಯದೆ ಉಳಿದ ಬ್ಯಾಕ್ಟೀರಿಯಾಗಳ ಡಿಎನ್‌ಎಗೆ ಅದು ಪೆಟ್ಟು ಕೊಡುತ್ತದೆ.

ಇನ್ನೆರಡು ಸರಪಳಿಗಳಿಗೆ ವಿಜ್ಞಾನಿಗಳು ಪಿಎಸ್ಎಲ್, ಪೆಲ್ ಅಂತ ಹೆಸರಿಟ್ಟಿದ್ದಾರೆ. ಪಿಎಸ್ಎಲ್ ಬ್ಯಾಕ್ಟೀರಿಯಾದ ಮೈಗೆ ಸುತ್ತಿಕೊಂಡು ಪಕ್ಕದ್ದರ ಜೊತೆ ಬಿಗಿಯುವ ಹಗ್ಗ. ಪೆಲ್ ಮೇಲೆ ಪ್ಲಸ್ ಚಾರ್ಜು ಇದೆ. ಡಿಎನ್‌ಎ ಮೇಲೆ ಮೈನಸ್ ಚಾರ್ಜು. ಹಾಗಾಗಿ ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ.

ಈಗ ನಿಮಗೊಂದು ಸಂಶಯ ಬಂದಿರಬೇಕು. ಡಿಎನ್‌ಎ ಇರುವುದು ಜೀವಕೋಶದ ಒಳಗೆ ಅಲ್ವಾ? ಅದಕ್ಕೆ ಹೊರಗೆ ಏನು ಕೆಲಸ?

## ಹೊರಗೆ ಬಂದ ಡಿಎನ್‌ಎ

ಡಿಎನ್‌ಎ ಅಂದರೆ ತಲೆಮಾರಿನಿಂದ ತಲೆಮಾರಿಗೆ ದಾಟುವ ಮಾಹಿತಿಯ ದಾರ ಅಂತ ಶಾಲೆಯಲ್ಲಿ ಓದಿದ್ದೇವೆ. ಅದು ನಿಜ. ಈ ಸತ್ಯ ಹೊರಬಿದ್ದದ್ದೇ ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾದಿಂದ. 1928ರಲ್ಲಿ ಲಂಡನ್ನಿನ ಫ್ರೆಡರಿಕ್ ಗ್ರಿಫಿತ್, ಸತ್ತ ನ್ಯುಮೋಕಾಕಸ್‌ನ ಯಾವುದೋ ಅಂಶ ಬದುಕಿದ್ದ ನ್ಯುಮೋಕಾಕಸ್‌ನ ಗುಣ ಬದಲಿಸಿದ್ದನ್ನು ಕಂಡರು. 1944ರಲ್ಲಿ ನ್ಯೂಯಾರ್ಕಿನ ಆಸ್ವಾಲ್ಡ್ ಏವರಿ ಮತ್ತು ಇಬ್ಬರು ಸಂಗಡಿಗರು ಆ ಅಂಶ ಡಿಎನ್‌ಎ ಅಂತ ತೋರಿಸಿದರು. ಅಂದರೆ ಬ್ಯಾಕ್ಟೀರಿಯಾದ ಡಿಎನ್‌ಎ ಹೊರಗೆ ಬೀಳುತ್ತದೆ, ಹೊರಗೂ ಕೆಲಸಕ್ಕೆ ಬರುತ್ತದೆ ಎಂಬುದು ಆಗಿನಿಂದಲೇ ಗೊತ್ತು.

ಆದರೆ ಅದು ದಾರದ ಕೆಲಸವನ್ನೂ ಮಾಡುತ್ತದೆ ಅಂತ ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ. ಬಯೋಫಿಲ್ಮಿನಲ್ಲಿ ಸಿಕ್ಕ ಡಿಎನ್‌ಎ ಸತ್ತ ಕೋಶಗಳ ಕಸ ಅಂತಲೇ ಭಾವಿಸಿದ್ದರು. 2002ರಲ್ಲಿ ಸಿಂಥಿಯಾ ವಿಟ್‌ಚರ್ಚ್ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿದರು. ಸೂಡೋಮೊನಾಸ್ ಬಯೋಫಿಲ್ಮಿಗೆ ಡಿಎನ್‌ಏಸ್ ಹಾಕಿದರು. ಡಿಎನ್‌ಏಸ್ ಅಂದರೆ ಡಿಎನ್‌ಎಯನ್ನು ಮಾತ್ರ ಕತ್ತರಿಸುವ ಕತ್ತರಿ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಆದರೂ ಎಳೆಯ ಬಯೋಫಿಲ್ಮ್ ಕರಗಿ ಹೋಯಿತು. ಕಸ ತೆಗೆದರೆ ಮನೆ ಬೀಳುತ್ತದೆಯೇ? ಬಿತ್ತು ಅಂದರೆ ಅದು ಕಸವಲ್ಲ, ಕಂಬ.

ಲೆಕ್ಕ ಹಾಕಿದರೆ ಇದು ಆಶ್ಚರ್ಯವೂ ಅಲ್ಲ. ಸೂಡೋಮೊನಾಸ್‌ನ ಮೈ ಸುಮಾರು ಎರಡು ಮೈಕ್ರೋಮೀಟರ್ ಉದ್ದ. ಅದರೊಳಗೆ ಸುರುಳಿ ಸುತ್ತಿಕೊಂಡಿರುವ ಡಿಎನ್‌ಎಯನ್ನು ಬಿಚ್ಚಿ ಎಳೆದರೆ ಎರಡು ಮಿಲಿಮೀಟರ್ ಆಗುತ್ತದೆ. ಮೈಗಿಂತ ಸಾವಿರ ಪಟ್ಟು ಉದ್ದ. ಒಂದೇ ಒಂದು ಕೋಶ ಒಡೆದರೆ ಸಾಕು, ನೂರಾರು ಕೋಶಗಳನ್ನು ಸುತ್ತಿ ಬರುವಷ್ಟು ದಾರ ಹೊರಗೆ ಬೀಳುತ್ತದೆ.

ಕೋಶ ಒಡೆಯುವುದು ಹೇಗೆ? 2016ರಲ್ಲಿ ವಿಟ್‌ಚರ್ಚ್ ತಂಡ ಇದನ್ನು ವಿಡಿಯೋದಲ್ಲೇ ಹಿಡಿಯಿತು. ಉದ್ದನೆಯ ಕಡ್ಡಿಯಂತಿದ್ದ ಬ್ಯಾಕ್ಟೀರಿಯಾ ಕೆಲವೇ ಸೆಕೆಂಡುಗಳಲ್ಲಿ ದುಂಡಗಾಗಿ ಉಬ್ಬುತ್ತದೆ, ಆಮೇಲೆ ಪಟ್ಟನೆ ಒಡೆಯುತ್ತದೆ. ಗುಂಪಿನಲ್ಲಿ ಕೆಲವೇ ಕೋಶಗಳು ಹೀಗೆ ಸಾಯುತ್ತವೆ. ಉಳಿದವುಗಳಿಗೆ ಅವುಗಳ ಡಿಎನ್‌ಎ ಕಟ್ಟಡದ ಸಾಮಾನು. ಇದಲ್ಲದೆ, ಹೋರಾಡಿ ಸತ್ತ ನಮ್ಮ ಬಿಳಿ ರಕ್ತಕಣಗಳಿಂದಲೂ ಕಫಕ್ಕೆ ಬೇಕಾದಷ್ಟು ಡಿಎನ್‌ಎ ಬಂದು ಸೇರುತ್ತದೆ. ಕಫ ನೂಲಿನಂತೆ ಎಳೆ ಬರುವುದಕ್ಕೆ ಇದೊಂದು ಕಾರಣ.

ಇನ್ನೊಂದು ವಿಚಿತ್ರ ಇದೆ, ಹೇಳದೆ ಇರಲು ಮನಸ್ಸಾಗುತ್ತಿಲ್ಲ. ಸೂಡೋಮೊನಾಸ್‌ನ ಒಳಗೇ ಬಾಳುವ ಒಂದು ವೈರಸ್ ಇದೆ, ಹೆಸರು ಪಿಎಫ್. ಅದು ಕೂದಲೆಳೆಯಂತೆ ಉದ್ದ. ಬಯೋಫಿಲ್ಮಿನಲ್ಲಿ ಈ ಎಳೆಗಳು ಸಾಲಾಗಿ, ಒಂದೇ ದಿಕ್ಕಿಗೆ ಜೋಡಿಸಿಕೊಂಡು ಲೋಳೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ ಅಂತ 2015ರಲ್ಲಿ ಗೊತ್ತಾಯಿತು. ಬ್ಯಾಕ್ಟೀರಿಯಾಕ್ಕೆ ಬಂದ ಸೋಂಕೇ ಬ್ಯಾಕ್ಟೀರಿಯಾದ ಮನೆಗೆ ಕಡ್ಡಿಯಾಗುತ್ತದೆ!

## ದಾರ ಇದ್ದರೆ ಸಾಕೇ? ಗಂಟು ಬೇಡವೇ?

ಮದುವೆ ಮನೆಯ ಚಪ್ಪರ ನೆನಪಿಸಿಕೊಳ್ಳಿ. ನೆಟ್ಟ ಬೊಂಬು, ಅಡ್ಡ ಬೊಂಬು, ಮೇಲೆ ತೆಂಗಿನ ಗರಿ. ಬೊಂಬುಗಳನ್ನು ಸುಮ್ನೆ ಒಂದರ ಮೇಲೊಂದು ಇಟ್ಟರೆ ಚಪ್ಪರ ನಿಲ್ಲುವುದಿಲ್ಲ. ಎರಡು ಬೊಂಬು ಕೂಡುವ ಜಾಗದಲ್ಲಿ ಹಗ್ಗ ಸುತ್ತಿ ಬಿಗಿಯಾಗಿ ಗಂಟು ಹಾಕಬೇಕು. ಮದುವೆ ಮುಗಿದ ಮೇಲೆ ಬಿಚ್ಚುವವರು ಬೊಂಬು ಕಡಿಯುವುದಿಲ್ಲ. ಗಂಟು ಬಿಚ್ಚುತ್ತಾರೆ. ಚಪ್ಪರ ತಾನೇ ಇಳಿಯುತ್ತದೆ.

ಬಯೋಫಿಲ್ಮಿನಲ್ಲಿ ಡಿಎನ್‌ಎ ದಾರಗಳು ಬೊಂಬುಗಳಿದ್ದ ಹಾಗೆ. ಅವು ಒಂದರ ಮೇಲೊಂದು ಹಾಯ್ದು ಬಲೆಯಂತೆ ಹರಡಿರುತ್ತವೆ. ಹಾಯುವ ಜಾಗದಲ್ಲಿ ಗಂಟು ಹಾಕುವವರು ಯಾರು?

ಇದಕ್ಕೆ ಉತ್ತರ ಹುಡುಕಿದವರು ಅಮೆರಿಕದ ಸ್ಟೀವನ್ ಗುಡ್‌ಮನ್ ಮತ್ತು ಲಾರೆನ್ ಬಕಲೆಟ್ಸ್. ಬಕಲೆಟ್ಸ್ ಅವರ ಕೆಲಸ ಹಿಮೋಫಿಲಸ್ ಇನ್‌ಫ್ಲುಯೆನ್ಸೆ ಎಂಬ ಬ್ಯಾಕ್ಟೀರಿಯಾದ ಮೇಲೆ. ಹೆಸರು ಕೇಳಿ ಇದು ಫ್ಲೂ ವೈರಸ್ ಅಂದುಕೊಳ್ಳಬೇಡಿ. 1892ರಲ್ಲಿ ರಿಚರ್ಡ್ ಫೈಫರ್ ಇದೇ ಫ್ಲೂಗೆ ಕಾರಣ ಅಂತ ತಪ್ಪಾಗಿ ತಿಳಿದಿದ್ದರಿಂದ ಆ ಹೆಸರು ಉಳಿದುಕೊಂಡಿದೆ. ಇದರ ಒಂದು ಬಗೆ ಎಷ್ಟೋ ಮಕ್ಕಳ ಮೂಗಿನ ಹಿಂಭಾಗದಲ್ಲಿ ಸುಮ್ಮನೆ ಇರುತ್ತದೆ. ನೆಗಡಿ ಬಂದಾಗ ಕಿವಿಗೆ ಹತ್ತುತ್ತದೆ, ಸೈನಸ್‌ಗೆ ಹೋಗುತ್ತದೆ. ಬೀಡಿ ಸೇದಿ, ಸೌದೆ ಒಲೆಯ ಹೊಗೆ ಕುಡಿದು ಶ್ವಾಸಕೋಶ ಕೆಟ್ಟವರ ಎದೆಗೂ ಇಳಿಯುತ್ತದೆ.

ಪ್ರತಿ ಬ್ಯಾಕ್ಟೀರಿಯಾದ ಒಳಗೂ ಡಿಎನ್‌ಎಯನ್ನು ಮಡಚಿ ಇಡುವ ಪ್ರೋಟೀನುಗಳಿವೆ. ಎರಡು ಮಿಲಿಮೀಟರ್ ದಾರವನ್ನು ಎರಡು ಮೈಕ್ರೋಮೀಟರ್ ಡಬ್ಬಿಯಲ್ಲಿ ತುಂಬಬೇಕಲ್ಲ! ಇವುಗಳಲ್ಲಿ ಒಂದು ಕುಟುಂಬಕ್ಕೆ ಡಿಎನ್‌ಎಬಿ-2 ಅಂತ ಹೆಸರು. ಅದರಲ್ಲಿ ಇಬ್ಬರು ಸದಸ್ಯರು, ಐಎಚ್‌ಎಫ್ ಮತ್ತು ಎಚ್‌ಯು. ಐಎಚ್‌ಎಫ್ ಹಿಡಿದ ಕಡೆ ಡಿಎನ್‌ಎ ಆಗುಂಬೆ ಘಾಟಿಯ ಹೇರ್‌ಪಿನ್ ತಿರುವಿನಂತೆ ಬಾಗುತ್ತದೆ. ಇವು ಕೋಶದ ಒಳಗಿನ ಕೆಲಸಗಾರರು ಅಂತಲೇ ಎಲ್ಲರೂ ತಿಳಿದಿದ್ದರು.

ಗುಡ್‌ಮನ್ ಮತ್ತು ಬಕಲೆಟ್ಸ್ ಇವುಗಳನ್ನು ಹೊರಗೆ, ಬಯೋಫಿಲ್ಮಿನ ಲೋಳೆಯಲ್ಲಿ ಹುಡುಕಿದರು. ಇವುಗಳಿಗೆ ಮಾತ್ರ ಅಂಟುವ, ಬೆಳಕು ಸೂಸುವ ಗುರುತನ್ನು ಹಾಕಿ ನೋಡಿದರೆ, ಡಿಎನ್‌ಎ ದಾರಗಳು ಒಂದನ್ನೊಂದು ಹಾಯುವ ಜಾಗದಲ್ಲೇ ಇವು ಹೊಳೆದವು. ಗಂಟು ಸಿಕ್ಕಿತು.

ಗಂಟು ಬಿಚ್ಚಿದರೆ? 2011ರಲ್ಲಿ ಅವರು ಪ್ರಕಟಿಸಿದ್ದು ಇದನ್ನೇ. ಐಎಚ್‌ಎಫ್ ಅನ್ನು ಹಿಡಿಯುವ ಆಂಟಿಬಾಡಿಗಳನ್ನು ಬಯೋಫಿಲ್ಮಿಗೆ ಹಾಕಿದರು. ಆಂಟಿಬಾಡಿ ಅಂದರೆ ನಮ್ಮ ದೇಹ ತಯಾರಿಸುವ, ಒಂದು ನಿರ್ದಿಷ್ಟ ವಸ್ತುವನ್ನು ಮಾತ್ರ ಹಿಡಿಯುವ ಇಕ್ಕಳ. ಬಯೋಫಿಲ್ಮ್ ಕುಸಿಯಿತು. ಒಂದಲ್ಲ, ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳ ಬಯೋಫಿಲ್ಮುಗಳೂ ಕುಸಿದವು. ಯಾಕೆಂದರೆ ಈ ಕುಟುಂಬದ ಪ್ರೋಟೀನು ಬಹುಪಾಲು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ. ಚಿಂಚಿಲ್ಲಾ ಎಂಬ ಇಲಿಯಂಥ ಪ್ರಾಣಿಗಳಿಗೆ ಈ ಪ್ರೋಟೀನಿನ ಲಸಿಕೆ ಕೊಟ್ಟಾಗ ಅವುಗಳ ಕಿವಿಯ ಸೋಂಕು ಬೇಗ ವಾಸಿಯಾಯಿತು.

ಇಲ್ಲಿ ನನಗೆ ತುಂಬಾ ಇಷ್ಟವಾದ ಭಾಗವೊಂದಿದೆ. ಆಂಟಿಬಾಡಿ ದೊಡ್ಡ ಕಣ. ದಪ್ಪ ಲೋಳೆಯ ಒಳಗೆ ಅದು ಹೇಗೆ ಇಳಿಯುತ್ತದೆ? ಇಳಿಯಬೇಕಾಗಿಲ್ಲ! ಚಪ್ಪರದ ಗಂಟುಗಳನ್ನು ಹಗ್ಗದ ಬದಲು ಆಳುಗಳು ಕೈಯಲ್ಲಿ ಹಿಡಿದು ನಿಂತಿದ್ದಾರೆ ಅಂತ ಅಂದುಕೊಳ್ಳಿ. ಅವರು ಆಗಾಗ ಹೊರಗೆ ನೀರು ಕುಡಿಯಲು ಹೋಗುತ್ತಾರೆ, ಹೊರಗಿದ್ದವರು ಒಳಗೆ ಬಂದು ಹಿಡಿಯುತ್ತಾರೆ. ಹೋಗಿ ಬರುವ ಲೆಕ್ಕ ಸರಿಯಾಗಿ ಇರುವವರೆಗೆ ಚಪ್ಪರ ನಿಂತಿರುತ್ತದೆ. ಈಗ ಹೊರಗೆ ಬಂದವರನ್ನೆಲ್ಲ ಯಾರೋ ಗೇಟಿನ ಹತ್ತಿರ ಹಿಡಿದು ಕೂರಿಸಿಬಿಟ್ಟರೆ? ಒಳಗೆ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ. ಕೊನೆಗೆ ಹಿಡಿಯುವವರೇ ಇಲ್ಲದೆ ಚಪ್ಪರ ಕೂರುತ್ತದೆ. ಐಎಚ್‌ಎಫ್ ಕೂಡ ಹೀಗೆ ಡಿಎನ್‌ಎಯನ್ನು ಹಿಡಿಯುತ್ತಾ ಬಿಡುತ್ತಾ ಇರುತ್ತದೆ. ಬಿಟ್ಟದ್ದನ್ನು ಆಂಟಿಬಾಡಿ ಹೊರಗೇ ಹಿಡಿದುಕೊಳ್ಳುತ್ತದೆ.

ಇನ್ನೊಂದು ಗುಟ್ಟು 2021ರಲ್ಲಿ ಹೊರಬಿತ್ತು. ವಿಟ್‌ಚರ್ಚ್ ಪ್ರಯೋಗದಲ್ಲಿ ಡಿಎನ್‌ಏಸ್ ಕತ್ತರಿ ಎಳೆಯ ಬಯೋಫಿಲ್ಮನ್ನು ಕರಗಿಸಿತ್ತು. ಬಲಿತ ಬಯೋಫಿಲ್ಮಿನ ಮೇಲೆ ಅದರ ಆಟ ಅಷ್ಟಾಗಿ ನಡೆಯಲಿಲ್ಲ. ಯಾಕೆ? ಸಾಮಾನ್ಯವಾಗಿ ಡಿಎನ್‌ಎಯ ಎರಡು ಎಳೆಗಳು ಬಲಕ್ಕೆ ಹೊಸೆದುಕೊಂಡಿರುತ್ತವೆ. ಎಡಕ್ಕೆ ಹೊಸೆದುಕೊಂಡ ರೂಪವೂ ಒಂದಿದೆ, ಅದಕ್ಕೆ ಝಡ್-ಡಿಎನ್‌ಎ ಅಂತ ಹೆಸರು. 1979ರಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಸಂಗಡಿಗರು ಅದನ್ನು ಕಂಡಿದ್ದರು. ಬಯೋಫಿಲ್ಮ್ ಬಲಿತಂತೆ ಅದರ ಡಿಎನ್‌ಎ ಈ ಎಡಹೊಸೆತದ ರೂಪಕ್ಕೆ ತಿರುಗುತ್ತದೆ ಅಂತ ಗುಡ್‌ಮನ್ ತಂಡ ತೋರಿಸಿತು. ಡಿಎನ್‌ಏಸ್ ಕತ್ತರಿ ಬಲಹೊಸೆತದ ದಾರಕ್ಕೆ ಹೇಳಿಮಾಡಿಸಿದ್ದು. ಎಡಹೊಸೆತದ್ದು ಅದರ ಬಾಯಿಗೆ ಸಿಗುವುದಿಲ್ಲ. ಆ ತಿರುವಿಗೆ ನೆರವಾಗುವುದೂ ಅದೇ ಗಂಟಿನ ಪ್ರೋಟೀನುಗಳು.

## ಸೆನ್ಸಿಟಿವ್ ಆಗಿದ್ದರೂ ಸಾಯುವುದಿಲ್ಲ, ಯಾಕೆ?

ಲೋಳೆ ಗೋಡೆಯಂತೆ ಔಷಧಿಯನ್ನು ತಡೆಯುತ್ತದೆ ಎಂಬುದು ಸುಲಭದ ಉತ್ತರ. ಅದು ಪೂರ್ತಿ ಸರಿಯಲ್ಲ.

ಟೋಬ್ರಾಮೈಸಿನ್‌ನಂಥ ಔಷಧಿಗಳ ಮೇಲೆ ಪ್ಲಸ್ ಚಾರ್ಜು ಇದೆ. ಆಲ್ಜಿನೇಟ್ ಮತ್ತು ಡಿಎನ್‌ಎ ಮೇಲೆ ಮೈನಸ್. ಹಾಗಾಗಿ ಇಂಥ ಔಷಧಿ ಅಂಚಿನಲ್ಲೇ ಅಂಟಿಕೊಂಡು, ಒಳಗೆ ಹೋಗುವುದು ನಿಧಾನವಾಗುತ್ತದೆ. ಆದರೆ ಸಿಪ್ರೊಫ್ಲಾಕ್ಸಾಸಿನ್ ಸಲೀಸಾಗಿ ಒಳಗೆ ಇಳಿಯುತ್ತದೆ. ಆದರೂ ಒಳಗಿನ ಬ್ಯಾಕ್ಟೀರಿಯಾಗಳೆಲ್ಲ ಸಾಯುವುದಿಲ್ಲ.

ಮುದ್ದೆಯ ನಡುವೆ ಆಮ್ಲಜನಕವೂ ಕಡಿಮೆ, ಆಹಾರವೂ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾಗಳು ಬೆಳೆಯುವುದನ್ನು ಬಹುಪಾಲು ನಿಲ್ಲಿಸಿ ತೂಕಡಿಸುತ್ತಿರುತ್ತವೆ. ಆಂಟಿಬಯಾಟಿಕ್‌ಗಳು ಹೆಚ್ಚಾಗಿ ಕೆಲಸ ಕೆಡಿಸುವ ಮದ್ದುಗಳು. ಪೆನಿಸಿಲಿನ್ ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸ ಕೆಡಿಸುತ್ತದೆ. ಗೋಡೆಯನ್ನೇ ಕಟ್ಟದೆ ಮಲಗಿರುವ ಬ್ಯಾಕ್ಟೀರಿಯಾಕ್ಕೆ ಅದರಿಂದ ಏನೂ ಆಗುವುದಿಲ್ಲ. ಹೀಗೆ ಮಲಗಿ ಬದುಕುಳಿಯುವ ಕೋಶಗಳಿಗೆ 1944ರಲ್ಲೇ ಜೋಸೆಫ್ ಬಿಗ್ಗರ್ ‘ಪರ್ಸಿಸ್ಟರ್’ ಅಂತ ಹೆಸರಿಟ್ಟರು. ಕೋರ್ಸ್ ಮುಗಿದ ಮೇಲೆ ಇವು ಎದ್ದು ಮತ್ತೆ ಗುಂಪು ಬೆಳೆಸುತ್ತವೆ. ಇವು ರೂಪಾಂತರಗೊಂಡ ಹೊಸ ತಳಿಗಳಲ್ಲ. ಲ್ಯಾಬಿನಲ್ಲಿ ಮತ್ತೆ ಬಿಡಿಯಾಗಿ ಬೆಳೆಸಿದರೆ ಮತ್ತೆ ‘ಸೆನ್ಸಿಟಿವ್’ ಅಂತಲೇ ಬರುತ್ತದೆ. ದೊಡ್ಡಮ್ಮನ ಎರಡನೇ ರಿಪೋರ್ಟ್ ಹಾಗೆ ಬಂದದ್ದು ಇದರಿಂದ.

ಹೊರಗಿನ ಡಿಎನ್‌ಎ ಇನ್ನೂ ಒಂದು ಕೆಲಸ ಮಾಡುತ್ತದೆ. ಸುತ್ತಲಿನ ಮೆಗ್ನೀಷಿಯಂ ಅನ್ನು ಎಳೆದು ಹಿಡಿದುಕೊಳ್ಳುತ್ತದೆ. ಮೆಗ್ನೀಷಿಯಂ ಕಡಿಮೆಯಾದ ಸೂಚನೆ ಸಿಕ್ಕ ಕೂಡಲೇ ಸೂಡೋಮೊನಾಸ್ ತನ್ನ ಮೈಯ ಹೊದಿಕೆಯನ್ನು ಬದಲಿಸಿಕೊಳ್ಳುತ್ತದೆ. ಆಗ ಕೆಲವು ಔಷಧಿಗಳು ಅಂಟುವುದೇ ಕಷ್ಟ. 2008ರಲ್ಲಿ ಇದು ಗೊತ್ತಾಯಿತು.

## ಯಾರ್ಯಾರಿಗೆ ಇದರ ಕಾಟ?

ಪದೇ ಪದೇ ಕಿವಿ ಸೋರುವ, ಕಿವಿಯೊಳಗೆ ನೀರು ನಿಲ್ಲುವ ಮಕ್ಕಳಿಗೆ. ಅಮೆರಿಕದಲ್ಲಿ ಇಂಥ ಮಕ್ಕಳ ನಡುಗಿವಿಯಿಂದ ತೆಗೆದ 50 ಮಾದರಿಗಳಲ್ಲಿ 46ರಲ್ಲಿ ಬಯೋಫಿಲ್ಮ್ ಕಂಡಿತು ಅಂತ 2006ರ ವರದಿಯೊಂದು ಹೇಳಿತು.

ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವವರಿಗೆ. ಗಂಟಲಿಗೆ ಹಾಕಿದ ಪ್ಲಾಸ್ಟಿಕ್ ಟ್ಯೂಬಿನ ಒಳಮೈ ಬಯೋಫಿಲ್ಮಿಗೆ ಒಳ್ಳೆಯ ಜಾಗ. ಅಲ್ಲಿಂದ ಚೂರುಗಳು ಕಿತ್ತು ಎದೆಗೆ ಇಳಿಯಬಹುದು. ಟ್ಯೂಬ್ ಹಾಕಿ 48 ಗಂಟೆ ಕಳೆದ ಮೇಲೆ ಶುರುವಾಗುವ ನ್ಯುಮೋನಿಯಾಕ್ಕೆ ವೈದ್ಯರು ಬೇರೆ ಹೆಸರನ್ನೇ ಇಟ್ಟಿದ್ದಾರೆ. ರೋಗಿಯ ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿ ಮಲಗಿಸುವುದು, ಬಾಯಿ ಸ್ವಚ್ಛ ಮಾಡುವುದು, ಟ್ಯೂಬ್ ಇನ್ನೂ ಬೇಕೇ ಅಂತ ದಿನಾ ನೋಡುವುದು, ಇವೆಲ್ಲ ಅದಕ್ಕಾಗಿಯೇ.

ಮೊದಲೇ ಹೇಳಿದ ಸಿಸ್ಟಿಕ್ ಫೈಬ್ರೋಸಿಸ್ ಇರುವವರಿಗೆ. ಬಯೋಫಿಲ್ಮ್ ಬಗ್ಗೆ ನಮಗೆ ಗೊತ್ತಿರುವ ಎಷ್ಟೋ ಸಂಗತಿ ಬಂದದ್ದು ಅವರ ಕಫದಿಂದ.

ಮತ್ತು ನಮ್ಮ ದೊಡ್ಡಮ್ಮನಂಥವರಿಗೆ. ಅವರಿಗಿರುವುದು ಬ್ರಾಂಕಿಯೆಕ್ಟಾಸಿಸ್. ಅಂದರೆ ಶ್ವಾಸನಾಳದ ಕೊಂಬೆಗಳು ಹಳೆಯ ಪೆಟ್ಟಿನಿಂದ ಸಡಿಲವಾಗಿ, ಅಗಲವಾಗಿ, ಚೀಲದಂತಾಗಿವೆ. ಆರೋಗ್ಯವಾಗಿರುವ ಶ್ವಾಸನಾಳದಲ್ಲಿ ಸೂಕ್ಷ್ಮ ಕೂದಲುಗಳು ಕಫವನ್ನು ಸದಾ ಮೇಲಕ್ಕೆ ಗುಡಿಸುತ್ತಿರುತ್ತವೆ. ಚೀಲದಂತಾದ ಜಾಗದಲ್ಲಿ ಗುಡಿಸುವವರಿಲ್ಲ. ಕಫ ನಿಲ್ಲುತ್ತದೆ. ನಿಂತ ನೀರಿನಲ್ಲಿ ಪಾಚಿ ಕಟ್ಟಿದಂತೆ ಅಲ್ಲಿ ಬಯೋಫಿಲ್ಮ್ ಕಟ್ಟುತ್ತದೆ. ಯುರೋಪಿನಲ್ಲಿ ಇದಕ್ಕೆ ಎಷ್ಟೋ ಸಲ ಕಾರಣವೇ ಗೊತ್ತಾಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಭಾರತದ 31 ಕೇಂದ್ರಗಳ 2195 ರೋಗಿಗಳ ದಾಖಲೆ 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಜನರಿಗೆ ಕಾರಣ ಹಳೆಯ ಕ್ಷಯ. ಅವರ ಕಫದಲ್ಲಿ ಹೆಚ್ಚಾಗಿ ಸಿಕ್ಕ ಬ್ಯಾಕ್ಟೀರಿಯಾ ಸೂಡೋಮೊನಾಸ್. ಕ್ಷಯ ವಾಸಿಯಾಗಿ ಮೂವತ್ತು ನಲವತ್ತು ವರ್ಷವಾದ ಮೇಲೂ ಅದು ಬಿಟ್ಟುಹೋದ ಹಳ್ಳದಲ್ಲಿ ಬೇರೆ ಬ್ಯಾಕ್ಟೀರಿಯಾ ಮನೆ ಕಟ್ಟುತ್ತದೆ. ಈ ನಂಟನ್ನು ನಮ್ಮ ಮನೆಗಳಲ್ಲಿ ಇನ್ನಷ್ಟು ಜನ ತಿಳಿದುಕೊಳ್ಳಬೇಕು.

## ಚಪ್ಪರ ಇಳಿಸುವ ದಾರಿಗಳು

ಮೊದಲನೆಯದು ತೀರಾ ಹಳೆಯದು: ಕಫವನ್ನೇ ಹೊರಗೆ ತೆಗೆಯುವುದು. ಫಿಸಿಯೋಥೆರಪಿಯವರು ಉಸಿರಿನ ಕಸರತ್ತು ಕಲಿಸುತ್ತಾರೆ. ಬಾಯಿ ತೆರೆದು, ಕನ್ನಡಿಗೆ ಹಬೆ ಬಿಡುವಂತೆ ಜೋರಾಗಿ ‘ಹಾ’ ಅಂತ ಉಸಿರು ದಬ್ಬುವುದು ಅದರಲ್ಲಿ ಒಂದು. ಒಂದು ಪಕ್ಕಕ್ಕೆ ಮಲಗಿ ಕಫ ಇಳಿಸುವುದು ಇನ್ನೊಂದು. ನೆಬ್ಯುಲೈಸರ್‌ನಲ್ಲಿ ಕೊಡುವ ಹೆಚ್ಚು ಉಪ್ಪಿನ ದ್ರಾವಣ ನೀರನ್ನು ಎಳೆದು ಕಫವನ್ನು ಸಡಿಲ ಮಾಡುತ್ತದೆ. ಡ್ರಮ್ಮಿನ ಲೋಳೆಯನ್ನು ಉಜ್ಜಿ ತೆಗೆದ ಹಾಗೆಯೇ ಇದು. ಮಾತ್ರೆಯಷ್ಟು ದೊಡ್ಡ ಚಿಕಿತ್ಸೆ ಇದಲ್ಲ ಅಂತ ಜನ ಬಿಟ್ಟುಬಿಡುತ್ತಾರೆ. ಹಾಗೆ ಬಿಡಬಾರದು.

ಎರಡನೆಯದು ಔಷಧಿಯನ್ನು ನೇರವಾಗಿ ಎದೆಗೇ ಕಳಿಸುವುದು. ಟೋಬ್ರಾಮೈಸಿನ್ ಅನ್ನು ಉಸಿರಿನ ಮೂಲಕ ಕೊಟ್ಟರೆ, ರಕ್ತದ ಮೂಲಕ ಕಳಿಸಲಾಗದಷ್ಟು ಪ್ರಮಾಣ ಕಫಕ್ಕೆ ಸೇರುತ್ತದೆ. ಅಂಚಿನಲ್ಲಿ ಒಂದಷ್ಟು ಅಂಟಿಕೊಂಡರೂ ಉಳಿದದ್ದು ಒಳಗೆ ಹೋಗುತ್ತದೆ. ಅಜಿತ್ರೋಮೈಸಿನ್ ಅನ್ನು ಕಡಿಮೆ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಕೊಡುವುದೂ ಇದೆ. ಅದು ಸೂಡೋಮೊನಾಸ್ ಅನ್ನು ಅಷ್ಟಾಗಿ ಕೊಲ್ಲುವುದಿಲ್ಲ. ಬ್ಯಾಕ್ಟೀರಿಯಾಗಳು ಒಂದಕ್ಕೊಂದು ರಾಸಾಯನಿಕ ಸಂದೇಶ ಕಳಿಸಿ ಗುಂಪುಗೂಡುತ್ತವೆ. ಆ ಮಾತುಕತೆಯನ್ನು ಅದು ಕೆಡಿಸುತ್ತದೆ, ಉರಿಯೂತವನ್ನೂ ತಗ್ಗಿಸುತ್ತದೆ. ಕಿವಿ ಮತ್ತು ಹೃದಯದ ಮೇಲೆ ಇದರ ಪರಿಣಾಮ ಇರಬಹುದು. ಹಾಗಾಗಿ ಅಂಗಡಿಯಲ್ಲಿ ಕೇಳಿ ತಗೊಳ್ಳುವ ಮದ್ದಲ್ಲ ಇದು.

ಡಿಎನ್‌ಎ ಕತ್ತರಿಸುವ ಔಷಧಿ 1993ರಿಂದಲೇ ಇದೆ. ಹೆಸರು ಡೋರ್ನೇಸ್ ಆಲ್ಫಾ. ಸಿಸ್ಟಿಕ್ ಫೈಬ್ರೋಸಿಸ್ ಇರುವವರಿಗೆ ಇದರಿಂದ ಅನುಕೂಲವಾಗಿದೆ. ಹಾಗಾದರೆ ದೊಡ್ಡಮ್ಮನಿಗೂ ಕೊಡಬಹುದಲ್ಲ ಅಂತ ನನಗೂ ಅನ್ನಿಸಿತ್ತು. ಆದರೆ ಸಿಸ್ಟಿಕ್ ಫೈಬ್ರೋಸಿಸ್ ಇಲ್ಲದೆ ಬ್ರಾಂಕಿಯೆಕ್ಟಾಸಿಸ್ ಮಾತ್ರ ಇರುವ 349 ಜನರ ಮೇಲೆ ನಡೆದ, 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಔಷಧಿ ತಗೊಂಡವರಿಗೆ ಕಾಯಿಲೆ ಇನ್ನಷ್ಟು ಉಲ್ಬಣಿಸಿತು. ಎರಡೂ ಕಾಯಿಲೆಯಲ್ಲಿ ಕಫ ಒಂದೇ ಥರ ಕಂಡರೂ ಮದ್ದು ಒಂದೇ ಅಲ್ಲ.

ಗಂಟು ಬಿಚ್ಚುವ ಆಂಟಿಬಾಡಿಗಳು ಈಗ ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೆ ಬಂದಿವೆ. ಇವು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಮನೆ ಕೆಡವುತ್ತವೆ ಅಷ್ಟೆ. ಹಾಗಾಗಿ ಜೊತೆಗೆ ಆಂಟಿಬಯಾಟಿಕ್ ಬೇಕೇ ಬೇಕು. ಲ್ಯಾಬಿನಲ್ಲಿ ಕಂಡ ಒಂದು ಸಂಗತಿ ಇಲ್ಲಿ ಆಸೆ ಹುಟ್ಟಿಸುತ್ತದೆ. ಹೀಗೆ ಆಗಷ್ಟೇ ಹೊರಬಿದ್ದ ಬ್ಯಾಕ್ಟೀರಿಯಾಗಳು, ಮೊದಲಿನಿಂದ ಬಿಡಿಯಾಗಿ ಈಜುತ್ತಿದ್ದವುಗಳಿಗಿಂತಲೂ ಹೆಚ್ಚು ಸುಲಭವಾಗಿ ಕೆಲವು ಆಂಟಿಬಯಾಟಿಕ್‌ಗಳಿಗೆ ಬಲಿಯಾಗುತ್ತವೆ. ಮನೆಯಿಂದ ಹೊರಬಿದ್ದ ಆ ಸ್ವಲ್ಪ ಹೊತ್ತಿನಲ್ಲಿ ಅವು ತೀರಾ ದುರ್ಬಲ.

ದೊಡ್ಡಮ್ಮನಿಗೆ ಇದನ್ನೆಲ್ಲ ಚಪ್ಪರದ ಕಥೆ ಮಾಡಿ ಹೇಳಿದೆ. ಈಗ ದಿನಾ ಬೆಳಿಗ್ಗೆ ಕಾಫಿಗೆ ಮೊದಲು ‘ಹಾ’ ಕಸರತ್ತು ಮಾಡುತ್ತಾರೆ. ನೆಬ್ಯುಲೈಸರ್ ಕಪ್ಪನ್ನು ಪ್ರತಿ ಸಲ ಬಳಸಿದ ಮೇಲೆ ಸೋಪಿನಲ್ಲಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಿ, ಒಗೆದ ಬಟ್ಟೆಯ ಮೇಲೆ ಮಗುಚಿಡುತ್ತಾರೆ. ಪೂರ್ತಿ ಒಣಗುವವರೆಗೆ ಮತ್ತೆ ಮುಟ್ಟುವುದಿಲ್ಲ. ಒದ್ದೆ ಕಪ್ಪಿನ ತಳದಲ್ಲೂ ಅದೇ ಸೂಡೋಮೊನಾಸ್ ಅದೇ ಲೋಳೆ ಕಟ್ಟುತ್ತದೆ ಅಂತ ಅವರಿಗೆ ಈಗ ಗೊತ್ತು.